ಮಂಡಿನೋವಿಲ್ಲದ ಸಿಪಾಯಿ

ಮೂರನೇ ಕ್ಲಾಸು ದಾಟದ ನನ್ನನ್ನು ನಮ್ಮ ಬೀದಿಯ ತಾಯಂದಿರು ಜಡ್ಜಮ್ಮನನ್ನಾಗಿ ಮಾಡಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಚಿತ್ರದುರ್ಗದ ನಮ್ಮ ಮನೆಯ ಮುಂದಿನ ಮಳಿಗೆಯನ್ನು ಬಾಡಿಗೆಗೆ ಹಿಡಿದು ಸಲೀಂ ಕಂಪ್ಯೂಟರ್ ಗೇಮಿನ ಅಂಗಡಿ ಇಟ್ಟಿದ್ದ. ಎಲ್ಲಾ ಬಂದೂಕಿನ ಆಟ.

"ಜಯಕ್ಕಾ, ಮಕ್ಕಳು ಪುಸ್ತಕ ಮುಟ್ತಿಲ್ಲ. ಅವನ್ನ ಖಾಲಿ ಮಾಡ್ಸು" ಎಂದಳು ಎದುರುಮನೆ ಬರಗೇರಮ್ಮ.

"ನೋಡದೆ ಹೆಂಗೆ ಮಾಡ್ಸಲಿ? ಆಟದಾಗೆ ಒಳ್ಳೇದೇನು, ಕೆಟ್ಟದ್ದೇನು, ಆಡಿ ನೋಡಿ ಹೇಳ್ತೀನಿ ತಡಿ."

ನನ್ನನ್ನು ಕಂಡು ಸಲೀಂ ಬಿಳಿಚಿಕೊಂಡ. ಹೋದ ತಿಂಗಳಷ್ಟೇ ಮದುವೆಯಾಗಿತ್ತು, ಪಾಪ.

"ಅಜ್ಜಿ, ನಂಗೆ ಬರೋದು ಇದೊಂದೇ ಕೆಲ್ಸ. ಹೊರಗೆ ಹಾಕ್ಬೇಡ್ರಿ."

"ಸುಮ್ನಿರಪ್ಪ. ಮೊದ್ಲು ವಿಚಾರಣೆ."

ತಿರುಗೋ ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಬಟ್ಟಲಿನಂಥ ಹೆಡ್‌ಫೋನ್ ಸಿಕ್ಕಿಸಿದ.

"ಬರೀ ಬಂದೂಕು ಕಾಣ್ತೈತೆ, ಸಿಪಾಯಿ ಎಲ್ಲಿದಾನಪ್ಪ?"

"ನೀವೇ ಸಿಪಾಯಿ ಅಜ್ಜಿ. ಅವನ ಕಣ್ಣಾಗೇ ನೋಡ್ತಿದೀರ."

ಮೊದಲ ದೋಷ ತಕ್ಷಣ ಸಿಕ್ಕಿತು. ಬಗ್ಗಿ ನೋಡಿದರೆ ನನಗೆ ಕಾಲೇ ಇಲ್ಲ! ಬಂದೂಕು ಹಿಡಿದ ಎರಡು ಕೈ, ಅಷ್ಟೇ. ಆದರೂ ಮೆಟ್ಟಿಲು ಹತ್ತಿದೆ, ಓಡಿದೆ, ಕುಪ್ಪಳಿಸಿದೆ. ಮಂಡಿ ಚಕಾರ ಎತ್ತಲಿಲ್ಲ. ದೋಷ ಅಲ್ಲೇ ಗುಣವಾಯಿತು. ಹತ್ತು ಜನ ಹೊಡೆದಾಡುತ್ತಾರೆ, ಒಬ್ಬನೂ "ಉಂಡ್ಯಾ?" ಅನ್ನುವುದಿಲ್ಲ. ಇದು ದೋಷವೇ. ಬೆನ್ನ ಹಿಂದೆ ಯಾರಾದರೂ ನಡೆದರೆ ಹೆಜ್ಜೆ ಸದ್ದು ಎಡಗಿವಿಯೋ ಬಲಗಿವಿಯೋ ಅಂತ ಗೊತ್ತಾಗುತ್ತದೆ. ನನ್ನ ಸ್ವಂತ ಕಿವಿಗಿಂತ ವಾಸಿ. ಸತ್ತವನು ಎರಡು ನಿಮಿಷಕ್ಕೆ ಎದ್ದು ಬರುತ್ತಾನೆ. (ನಮ್ಮ ಯಜಮಾನರಿಗೆ ಈ ಸೌಕರ್ಯ ಇರಲಿಲ್ಲ.)

ಅಷ್ಟರಲ್ಲಿ ಗೋಡೆ ಮರೆಯಿಂದ ಮೂವರು ಶತ್ರುಗಳು ನುಗ್ಗಿದರು. ನಾನೋ ಮದಕರಿಪುರದ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಹಕ್ಕಿ ಕಾಯ್ದು ಬೆಳೆದವಳು. ಮೊದಲು ಕೂಗಬೇಕು, ಹೋಗದಿದ್ದರೆ ಮಾತ್ರ ಕವಣೆ ಕಲ್ಲು. "ಹೋಯ್! ಹೋಯ್! ಹೋಗ್ರಲೇ ಆಚೆ!" ಎಂದೆ. ಹಕ್ಕಿಗಿರುವ ಮರ್ಯಾದೆ ಅವರಿಗಿರಲಿಲ್ಲ. ನನ್ನನ್ನೇ ಕೊಂದರು. ಎದ್ದು ಬಂದು ಮತ್ತೆ ಕೂಗಿದೆ. ಮತ್ತೆ ಕೊಂದರು. ಏಳನೇ ಸಲ ಕೂಗುತ್ತಲೇ ಗುಂಡು ಬಿಟ್ಟೆ. "ಬಿದ್ದ್ನಲೇ!"

ಯಾರೋ ಹೆಗಲು ಅಲುಗಿಸಿದರು. ಹೆಡ್‌ಫೋನ್ ತೆಗೆದು ತಿರುಗಿದರೆ ಬರಗೇರಮ್ಮ. ಬಾಗಿಲ ತುಂಬ ಹೆಂಗಸರು.

"ಯಾರಕ್ಕ ಹೊಡೆದೋರು? ನಿನ್ನ ಬೊಬ್ಬೆ ಬಸ್‌ಸ್ಟ್ಯಾಂಡಿಗೆ ಕೇಳ್ತೈತೆ!"

ಕಿವಿ ಮುಚ್ಚಿದ್ದ ನನಗೆ ಮಾತ್ರ ಕೇಳಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟೆ: "ಅಂಗಡಿ ಇರ್ಲಿ. ಮಕ್ಕಳು ಓದಿ ಬರ್ಲಿ, ಒಂದು ಗಂಟೆ ಸಾಕು. ನಮ್ಮ ಯಜಮಾನ್ರು ಹೋದ ಇಪ್ಪತ್ತು ವರ್ಸದಾಗೆ 'ಕುಂತ್ಕಳ್ರಿ, ಆಡ್ರಿ' ಅಂತ ನಂಗೆ ಅಂದೋನು ಇವನೊಬ್ಬನೇ ಕಣ್ರೇ."

ಸಲೀಂ ಕಣ್ಣೊರೆಸಿಕೊಂಡ. ಹೆಂಗಸರು ಅವನನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿ ಒಪ್ಪಿದರು.

ಮರುದಿನ ಅವನು ಬೋರ್ಡು ಬರೆಸಿ ತಂದ. ಮೊಳೆ ನಾನೇ ಹಿಡಿದುಕೊಂಡೆ, ಗರ್ವದಿಂದ. ಆಮೇಲೆ ಹಿಂದೆ ಸರಿದು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ:

"ಮಕ್ಕಳಿಗೆ ದಿನಕ್ಕೆ ಒಂದು ಗಂಟೆ. ಕೂಗಾಡುವ ಅಜ್ಜಿಯರಿಗೆ ಅರ್ಧ ಗಂಟೆ."

ಬೀದಿಗೆಲ್ಲ ಅಂಥ ಅಜ್ಜಿ ನಾನೊಬ್ಬಳೇ. ಆದರೂ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದಾರಲ್ಲ, ಪುಣ್ಯಾತ್ಮರು.