ಕೂತುಣ್ಣುವ ಕಷ್ಟ

ಕೂತುಣ್ಣುವುದಕ್ಕೆ ಪುಣ್ಯ ಮಾಡಿರಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ಅವಳು ಕೂತು ಉಂಡದ್ದನ್ನು ನಾನು ಕಂಡಿಲ್ಲ. ಹಾಗಾಗಿ ಅದು ಅನುಭವದ ಮಾತಲ್ಲ. ನನಗೆ ಅನುಭವವಿದೆ. ಸಂಬಳ ತೆಗೆದುಕೊಂಡು ಏನೂ ಮಾಡದೆ ಕೂರುವಷ್ಟು ದಣಿವಿನ ದುಡಿಮೆ ಇನ್ನೊಂದಿಲ್ಲ.

ನಮ್ಮದು ಭದ್ರಾವತಿ. ಅಪ್ಪ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿ. ವಂಶದಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಅದೂ ಪೋಲಿಯೋ ಬಡಿದ ಎಡಗಾಲು ಇಟ್ಟುಕೊಂಡು, ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ಕೂತು ಹೋಗಿ ಮಾಡಿದ ಬಿ.ಕಾಂ. ಇದನ್ನು ಕೇಳದವರಿಗೂ ಹೇಳುತ್ತೇನೆ. ಆದರೆ ಕೆಲಸ ಕೇಳಲು ಹೋದಲ್ಲೆಲ್ಲ ಜನ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಕಾಲು ನೋಡಿ, "ಒಂದು ಎಸ್‌ಟಿಡಿ ಬೂತ್ ಹಾಕ್ಕೊಂಡ್ಬಿಡಪ್ಪ" ಎನ್ನುತ್ತಿದ್ದರು. ಅವರ ಮಾತು ಕೇಳಿ ನಮ್ಮಂಥವರೆಲ್ಲ ಬೂತ್ ಹಾಕಿದ್ದರೆ ಭದ್ರಾವತಿಯ ಜನ ಊಟ ನಿದ್ದೆ ಬಿಟ್ಟು ಫೋನ್ ಮಾಡುತ್ತಲೇ ಇರಬೇಕಾಗಿತ್ತು.

ಅಂಥ ಹುಡುಗ ಹುಡುಗಿಯರೇ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಭಾನುವಾರ ಶಾಲೆಯೊಂದರ ಜಗಲಿಯಲ್ಲಿ ಸಭೆ. ಉಳಿದ ದಿನ ಅಂಗಡಿ, ಆಫೀಸುಗಳಿಗೆ ಹೋಗಿ ನಮ್ಮವರಿಗೆ ಕೆಲಸ ಕೊಡಿ ಎಂದು ಕೇಳುವುದು. ಸೆಲ್ವಿ ನಮ್ಮ ಮುಂದಾಳು. ಹುಟ್ಟಿನಿಂದ ಅವಳ ಬಲಗೈ ಮೊಣಕೈವರೆಗೆ ಮಾತ್ರ. ಮಾತು ಮಾತ್ರ ಎರಡೂ ಕೈಯಿಂದ ಬೀಸಿದ ಹಾಗೆ. ಕಂಪ್ಯೂಟರ್ ಕ್ಲಾಸ್ ಮುಗಿಸಿದ್ದಳು. ಕೊನೆಗೆ ಶಿವಮೊಗ್ಗದ ವಿನೋಬನಗರದಲ್ಲಿ ಔಷಧಿ ಹೋಲ್‌ಸೇಲ್ ಅಂಗಡಿ ನಡೆಸುತ್ತಿದ್ದ ರುದ್ರಪ್ಪನವರು ಒಪ್ಪಿದರು. ನನ್ನನ್ನು ತೋರಿಸಿ, "ಮೊದ್ಲು ಇವ್ರು ಬರ್ಲಿ. ಹೇಗಾಗುತ್ತೆ ನೋಡ್ಕೊಂಡು, ಕಂಪ್ಯೂಟರಿಗೆ ಈ ಹುಡುಗೀನ ತಗೊಳ್ಳೋಣ" ಎಂದರು. ಹೀಗೆ ಸೆಲ್ವಿಯ ಕೆಲಸ ನನ್ನ ಕೆಲಸಕ್ಕೆ ಗಂಟುಬಿತ್ತು.

ದಿನಾ ಬಸ್ಸು. ಯಾರಾದರೂ ಎದ್ದು ಸೀಟು ಕೊಡುತ್ತಿದ್ದರು. ಬದಲಿಗೆ ಶಿವಮೊಗ್ಗ ಬರುವ ತನಕ ನನ್ನ ಕಾಲಿನ ಕಥೆ ಹೇಳಬೇಕು. "ಹುಟ್ಟಿದಾಗ್ಲಿಂದ್ಲೇನಾ? ಎಣ್ಣೆ ಹಚ್ಚಿ ನೋಡಿದ್ರಾ?" ನಿಂತೇ ಹೋಗೋಣವೆಂದರೆ ಕೂತ್ಕೊಳ್ಳಿ ಎಂದು ಇಡೀ ಬಸ್ಸು ಕೂಗಾಡುತ್ತಿತ್ತು. ಅಂಗಡಿಗೆ ಬಂದರೆ ಅಲ್ಲಿಯೂ ಕೂರುವುದೇ. ರುದ್ರಪ್ಪನವರು ಒಳ್ಳೆಯವರು, ಅದೇ ತೊಂದರೆ. ಫ್ಯಾನಿನ ಕೆಳಗೆ ಕುಶನ್ ಕುರ್ಚಿ ಹಾಕಿಸಿದರು. ನಾನು ಬಿಲ್ ಪುಸ್ತಕಕ್ಕೆ ಕೈ ಹಾಕಿದರೆ, "ಇರ್ಲಿ ಬಿಡ್ರಿ, ಹುಡುಗ್ರು ಮಾಡ್ತಾರೆ" ಎಂದು ಅದನ್ನು ಎತ್ತಿಕೊಂಡು, ಆ ಜಾಗದಲ್ಲಿ ಟೀ ಇಡಿಸುತ್ತಿದ್ದರು. ಎದುರು ಗೋಡೆಯ ಕ್ಯಾಲೆಂಡರಿನ ಹಬ್ಬ ಹರಿದಿನ, ರಾಹುಕಾಲ ಎಲ್ಲ ನನಗೆ ಬಾಯಿಪಾಠವಾಯಿತು.

ಭಾನುವಾರದ ಸಭೆಯಲ್ಲಿ ಇದನ್ನು ಹೇಳಿದೆ. ಕೆಲವರಿಗೆ ಹೊಟ್ಟೆಕಿಚ್ಚಾಯಿತು. ಸೆಲ್ವಿಗೆ ಸಿಟ್ಟು ಬಂತು. "ಏನಣ್ಣ, ಶೋಕೇಸ್ ಗೊಂಬೆ ಆಗೋಕೆ ಬಿ.ಕಾಂ. ಮಾಡಿದ್ಯಾ? ನಾಳೆ ಅವ್ರು, 'ಒಬ್ರನ್ನ ಸಾಕ್ತಿದೀನಲ್ಲ, ಇನ್ನೊಬ್ರು ಯಾಕೆ' ಅಂದ್ರೆ ನನ್ನ ಗತಿ?"

ಮರುದಿನ ಅಂಗಡಿಗೇ ಬಂದಳು. ಸಂಘದ ಚಂದಾಕ್ಕೆ ಬಂದಿರಬೇಕೆಂದು ರುದ್ರಪ್ಪನವರು ಗಲ್ಲಾಪೆಟ್ಟಿಗೆ ಎಳೆದರು.

"ದುಡ್ಡು ಬೇಡ ಸಾರ್. ಇವ್ರಿಗೆ ಕೆಲ್ಸ ಕೊಡಿ" ಎಂದಳು ಸೆಲ್ವಿ.

"ಕೊಟ್ಟಿದೀನಲ್ಲಮ್ಮ!"

"ಕುರ್ಚಿ ಕೊಟ್ಟಿದೀರಿ ಸಾರ್."

ಅವರು ನನ್ನತ್ತ ತಿರುಗಿದರು. "ಹೌದೇನ್ರೀ? ಬಾಯಿಬಿಟ್ಟು ಹೇಳ್ಬಾರ್ದಾ ಮಾರಾಯ್ರೆ? ಸುಖವಾಗಿದೀರಿ ಅನ್ಕೊಂಡಿದ್ನಲ್ಲ!" ಎಂದವರೇ ಗೋಡೌನಿನ ಬೀಗದಕೈ ನನ್ನ ಕೈಗಿಟ್ಟರು. ಅವಧಿ ಮುಗಿದ ಮಾತ್ರೆ, ಸಿರಪ್ಪುಗಳನ್ನು ಕಂಪನಿವಾರು ಬೇರ್ಪಡಿಸಿ ವಾಪಸು ಕಳಿಸುವ ಕೆಲಸ; ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಧೂಳಿಗೆ ಸೀನುತ್ತ, ಬೆನ್ನು ಹಿಡಿದುಕೊಂಡು, ಸೆಲ್ವಿಯನ್ನು ಮನಸ್ಸಿನಲ್ಲೇ ಬೈಯುತ್ತ ಮುಗಿಸಿದೆ. ವಾಪಸು ಹೋದ ಔಷಧಿಗೆ ಕಂಪನಿಗಳಿಂದ ಹಣ ಬರತೊಡಗಿದಾಗ ರುದ್ರಪ್ಪನವರು, "ಆ ಹುಡುಗೀಗೆ ಬರೋಕೆ ಹೇಳ್ರಿ" ಎಂದರು. ಆ ಸಂಜೆ ಬಸ್ಸಿನಲ್ಲಿ ಕಾಲಿನ ಬಗ್ಗೆ ಕೇಳಿದವರಿಗೆ ಗೋಡೌನಿನ ಕಥೆ ಹೇಳಿದೆ.

ಸೆಲ್ವಿ ಬಂದು ಕಂಪ್ಯೂಟರಿನ ಮುಂದೆ ಕೂತಳು. ಬಿಲ್ ಮಾಡಬೇಕಾದ ಆರ್ಡರುಗಳನ್ನು ಹಂಚುವ ಅಧಿಕಾರ ನನಗೆ ಬಂತು. ಉದ್ದುದ್ದ ಆರ್ಡರುಗಳಿಗೆ ನಾನೇ ಕೈಯಲ್ಲಿ ಬಿಲ್ ಬರೆದು, ನಾಲ್ಕು ಸಾಲಿನ ಚಿಲ್ಲರೆ ಆರ್ಡರುಗಳನ್ನಷ್ಟೇ ಅವಳ ಮೇಜಿಗೆ ದಾಟಿಸುತ್ತ, ನನ್ನಂಥ ಸಹೋದ್ಯೋಗಿ ಯಾರಿಗೆ ಸಿಗಬೇಕು ಎಂದು ಬೀಗುತ್ತಿದ್ದೆ. ವಾರ ಕಳೆಯುವುದರೊಳಗೆ ಅವಳು ರುದ್ರಪ್ಪನವರ ಮುಂದೆ ನಿಂತಿದ್ದಳು.

"ಸಾರ್, ಇವ್ರು ನಂಗೆ ಕೆಲ್ಸ ಕೊಡ್ತಿಲ್ಲ."

ರುದ್ರಪ್ಪನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನ್ರೀ ಇದು?"

"ಅಲ್ಲ ಸಾರ್, ಪಾಪ, ಅವಳಿಗೆ ಕೈ..." ಎಂದು ಶುರುಮಾಡಿದೆ. ಸೆಲ್ವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ವಾಕ್ಯವನ್ನು ನಾನು ಇವತ್ತಿಗೂ ಮುಗಿಸಿಲ್ಲ.