ಎಲ್ಲಿಂದ ಬಂತು ಆ ಸೀಟಿ?

ಆ ಗೇಮ್ ಕಂಪನಿಯವರ ಜನ್ಮ ಜಾಲಾಡದೆ ಬಿಡುವುದಿಲ್ಲವೆಂದು ಗುಬ್ಬಿಯ ಅಮ್ಮ ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ನಿಂತು ಘೋಷಿಸಿದಳು. ಕೂತು ಘೋಷಿಸಿದ್ದರೂ ನಡೆಯುತ್ತಿತ್ತು. ಆದರೆ ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು, ಕೂಗುವಂತಿರಲಿಲ್ಲ. ಧ್ವನಿಯಲ್ಲಿ ಕಡಿಮೆಯಾದದ್ದನ್ನು ಎತ್ತರದಲ್ಲಿ ತುಂಬಿಕೊಂಡಳು.

"ಮೋಸ ರೀ! ಹಾಡಹಗಲ ಮೋಸ! ಇಡೀ ಲೋಕಕ್ಕೆ ಗೊತ್ತಾಗೋ ಹಾಗೆ ಬರೆದು ಹಾಕ್ತೀನಿ!" ಎಂದು ಪಿಸುಗುಟ್ಟಿದಳು.

ಆಘಾತವೇನೂ ಸಣ್ಣದಲ್ಲ. 'ಕಗ್ಗಲ್ಲ ದ್ವೀಪ' ಎಂಬ ಐದು ಭಾಗಗಳ ವಿಡಿಯೋ ಗೇಮನ್ನು ಗಂಡ ಹೆಂಡತಿ ಶುರುಮಾಡಿದಾಗ ಗುಬ್ಬಿ ಹಸುಗೂಸು. ಈಗ ಅವಳಿಗೆ ಎರಡು ವರ್ಷ. ಮಗು ಕಣ್ಣು ಮುಚ್ಚಿದಾಗಲೆಲ್ಲ ಕಳ್ಳರಂತೆ ಟೀವಿ ಹಾಕಿ, ಧ್ವನಿ ಸತ್ತೇಹೋಗುವಷ್ಟು ತಗ್ಗಿಸಿ, ಸಿಕ್ಕಿದ ಹೊತ್ತಿನಲ್ಲಿ ಸಿಕ್ಕಿದಷ್ಟು ರಾಕ್ಷಸರನ್ನು ಕೊಂದು, ಅಂತೂ ಕೊನೆಯ ದೃಶ್ಯಕ್ಕೆ ಬಂದು ತಲುಪಿದ್ದರು. ಕಥಾನಾಯಕಿ, ದೀಪಸ್ತಂಭದ ಕಾವಲುಗಾತಿ, ಸೆರೆಮನೆಯಲ್ಲಿ. ಬಾಗಿಲಿಗೆ ಬೀಗ. ಸಮುದ್ರದ ನೀರು ಸೊಂಟಕ್ಕೆ, ಎದೆಗೆ, ಗದ್ದಕ್ಕೆ! ಗುಬ್ಬಿಯ ಅಮ್ಮ ದಿಂಬನ್ನು ಕಚ್ಚಿ ಹಿಡಿದಿದ್ದಳು. ಆಗ ಆ ಮಹಾತಾಯಿ ಕೊರಳಿಗೆ ಕೈ ಹಾಕಿ ಒಂದು ಸೀಟಿ ತೆಗೆದಳು. ಊದಿದಳು. ಎಲ್ಲಿಂದಲೋ ಬೆಟ್ಟದಂಥ ಕಲ್ಲುಹಕ್ಕಿ ಹಾರಿಬಂದು ಬಾಗಿಲನ್ನು ಕಡ್ಡಿಯಂತೆ ಮುರಿದು ಹಾಕಿತು. ಎಲ್ಲರೂ ಬದುಕಿದರು. ಮುಗಿಯಿತು!

"ಹಿಂದೆ ಎಲ್ಲೋ ಬಂದಿರುತ್ತೆ ಕಣೇ, ಆ ಸೀಟಿ" ಎಂದ ಗುಬ್ಬಿಯ ಅಪ್ಪ.

ಅಷ್ಟು ಸಾಕಾಯಿತು. ಆಕೆ ಬಾಲ್ಕನಿಯತ್ತ ಬೆರಳು ತೋರಿಸಿದಳು.

ಅದು ಆ ಮನೆಯ ಕಾನೂನು. ಮಗು ಮಲಗಿದಾಗ ಜಗಳ ಬಂದರೆ ಇಬ್ಬರೂ ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು, ಅಲ್ಲಿ ಆಡಿ ಮುಗಿಸಿ ಒಳಗೆ ಬರಬೇಕು. ಹೊರಡುವ ಮುನ್ನ ಆಕೆ ಒಲೆಯತ್ತ ಒಂದು ಕಣ್ಣು ಹಾಯಿಸಿದಳು. ಸಣ್ಣ ಉರಿಯ ಮೇಲೆ ಪಾತ್ರೆಯಲ್ಲಿ ಗುಬ್ಬಿಯ ಹಾಲಿನ ಬಾಟಲಿಗಳು ಕುದಿಯುತ್ತಿದ್ದವು. ಚಮಚ, ಲೋಟ, ಬಾಟಲಿ, ಯಾವುದನ್ನೂ ಕುದಿಸದೆ ಮಗುವಿಗೆ ಮುಟ್ಟಿಸುವವಳಲ್ಲ ಆಕೆ. ಮೇಜಿನ ಮೂಲೆಗಳಿಗೆಲ್ಲ ರಬ್ಬರು ಅಂಟಿಸಿದ್ದಳು, ಪ್ಲಗ್ಗಿನ ತೂತುಗಳಿಗೆಲ್ಲ ಮುಚ್ಚಳ ಹಾಕಿದ್ದಳು. ಆ ಮನೆಯಲ್ಲಿ ಅಪಾಯಕ್ಕೆ ಕಾಲಿಡಲು ಜಾಗವೇ ಇರಲಿಲ್ಲ!

"ಬೇಗ ಮುಗಿಸು, ಅಮ್ಮನ ಫೋನ್ ಬರೋ ಹೊತ್ತಾಯ್ತು" ಎಂದ ಆತ. ಪ್ರತಿ ಭಾನುವಾರ ಅದೇ ಹೊತ್ತಿಗೆ ಅತ್ತೆಯ ವಿಡಿಯೋ ಕರೆ ಬರುತ್ತಿತ್ತು. ನೀರಿನ ಟ್ಯಾಂಕಿನಿಂದ ಹಿಡಿದು ಮಗುವಿನ ಉಗುರಿನವರೆಗೆ ಅತ್ತೆ ಹೇಳುತ್ತಾ ಹೋಗುವರು. ಸೊಸೆ ಕೈಗೆ ಬಂದ ಕೆಲಸ ಮಾಡುತ್ತಾ 'ಹೂಂ ಅತ್ತೆ' ಎನ್ನುತ್ತಾ ಹೋಗುವಳು.

ಬಾಲ್ಕನಿಯಲ್ಲಿ ಅತ್ತೆಯದೇ ಇನ್ನೊಂದು ಕಾಣಿಕೆ ನೇತಾಡುತ್ತಿತ್ತು: ಹಳೆಯ ದಿಂಬಿನ ಚೀಲ ಹರಿದು ಹೊಲಿದ, ಬಟ್ಟೆ ಕ್ಲಿಪ್ಪುಗಳನ್ನು ಹಾಕಿಡುವ, ಬಣ್ಣಗೆಟ್ಟ ಚೀಲ. ಬಿಸಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಳು. ಆಕೆ ಅದನ್ನು ಪಕ್ಕಕ್ಕೆ ತಳ್ಳಿ ರಣರಂಗಕ್ಕೆ ಜಾಗ ಮಾಡಿಕೊಂಡಳು.

"ಎಲ್ಲಿ ಬಂದಿತ್ತು ಸೀಟಿ? ತೋರಿಸಿ! ಒಂದೇ ಒಂದು ಸಲ ಕಂಡಿದ್ರೂ ನನ್ನ ಹೆಸರು ಬದಲಾಯಿಸಿ!"

"ಮಾತಿನ ದೃಶ್ಯ ಬಂದಾಗೆಲ್ಲ ನೀನು ಗುಂಡಿ ಒತ್ತಿ ಮುಂದಕ್ಕೆ ಓಡಿಸ್ತೀಯಲ್ಲ."

"ಮಗು ಏಳೋದ್ರೊಳಗೆ ರಾಕ್ಷಸನ್ನ ಮುಗಿಸ್ಬೇಕೋ, ಅವರ ಹರಟೆ ಕೇಳ್ತಾ ಕೂರ್ಬೇಕೋ? ನೀವಾದ್ರೂ ನೋಡ್ಬೇಕಿತ್ತು!"

"ಅವರು ಮಾತು ಶುರುಮಾಡಿದ್ರೆ ನಂಗೆ ನಿದ್ದೆ ಬರುತ್ತೆ."

"ಹಾಗಿದ್ರೆ ಬಾಯಿ ಮುಚ್ಕೊಳ್ಳಿ! ಬದುಕಲ್ಲಿ ಹೀಗೆ ನಡೆಯುತ್ತಾ ರೀ? ನೀರು ಮೂಗಿಗೆ ಬಂದಾಗ ಕೊರಳಲ್ಲಿ ಸೀಟಿ ಸಿಗುತ್ತಾ? ಎರಡು ವರ್ಷ ನಿದ್ದೆಗೆಟ್ಟಿದ್ದಕ್ಕೆ ಕಥೆ ಬರೆದವನು ಕೊಟ್ಟ ಮರ್ಯಾದೆ ಇದೇನಾ?"

ಹಿಂದೆ 'ಟಕ್' ಎಂದಿತು.

ಇಬ್ಬರೂ ತಿರುಗಿದರು. ಗಾಜಿನ ಆಚೆ ಗುಬ್ಬಿ ನಿಂತಿದ್ದಳು. ಕೂದಲು ಎದ್ದು ನಿಂತಿತ್ತು, ಮುಖದಲ್ಲಿ ದಿಗ್ವಿಜಯದ ನಗು. ಬಾಗಿಲ ಕೆಳತುದಿಯ ಪುಟ್ಟ ಚಿಲಕವನ್ನು ಒತ್ತಿ ಬೀಳಿಸುವ ವಿದ್ಯೆ ಅವಳಿಗೆ ಆ ಕ್ಷಣವೇ ಒಲಿದಿತ್ತು.

ಗುಬ್ಬಿಯ ಅಮ್ಮ ಬಾಗಿಲಿಗೆ ಧಾವಿಸಿದಳು. ಚಿಲಕ! ಚಿಲಕಕ್ಕೆ ರಬ್ಬರು ಅಂಟಿಸಿರಲಿಲ್ಲ!

"ಬಂಗಾರಾ, ಅದನ್ನ ಮೇಲಕ್ಕೆ ಎತ್ತು! ಎತ್ತು!"

'ಎತ್ತು' ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಎರಡೂ ಕೈ ಚಾಚಿ, ಎತ್ತಿಕೊಳ್ಳಿ ಎಂದು ನಿಂತಳು. ಯಾರೂ ಎತ್ತಿಕೊಳ್ಳಲಿಲ್ಲ. ತುಟಿ ಊದಿಸಿ, ಬೆನ್ನು ತಿರುಗಿಸಿ ಹೊರಟೇಬಿಟ್ಟಳು.

"ಗಾಜು ಒಡೀತೀನಿ" ಎಂದು ಗಂಡ ಮೊಣಕೈ ಎತ್ತಿದ.

"ಚೂರು ಮಗು ಮೇಲೆ ಬಿದ್ರೆ?!" ಎಂದು ಚೀರಿ ಆಕೆ ಆ ಮೊಣಕೈಗೇ ಜೋತುಬಿದ್ದಳು.

ಫೋನುಗಳೆರಡೂ ಒಳಗೆ ಸೋಫಾದ ಮೇಲೆ ಜೋಡಿಯಾಗಿ ಮಲಗಿದ್ದವು. ಕೆಳಗಿನ ಬೀದಿಯಲ್ಲಿ ಟೈಲರ್ ಅಂಗಡಿ. ಇಬ್ಬರೂ ಗಂಟಲು ಹರಿಯುವಂತೆ ಕೂಗಿದ ಮೇಲೆ ಟೈಲರ್ ಕೊರಳಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ಅಂಗಿ ಹಿಡಿದು ಹೊರಬಂದ. ವಿಷಯ ಕೇಳಿ ಮೂರು ಮಹಡಿ ಹತ್ತಿ, ಇಳಿದು, ಮತ್ತೆ ಕತ್ತೆತ್ತಿ ಏದುಸಿರಿನಲ್ಲಿ ವರದಿ ಒಪ್ಪಿಸಿದ.

"ಮುಂಬಾಗಿಲಿಗೆ ಬೀಗ ಬಿದ್ದಿದೆ ಮೇಡಂ!"

"ಅದು ಎಳೆದ್ರೆ ತಾನೇ ಬೀಳೋ ಬೀಗ! ಗೊತ್ತು!"

"ಕೀಲಿ ಎಲ್ಲಿದೆ ಮೇಡಂ?"

"ಒಳಗೆ!"

ಟೈಲರ್ ಆ ಉತ್ತರವನ್ನು ಗಂಭೀರವಾಗಿ ಪರಿಶೀಲಿಸುತ್ತಾ ನಿಂತ.

ಗುಬ್ಬಿಯ ಅಮ್ಮ ಮತ್ತೆ ಗಾಜಿಗೆ ಹಣೆ ಒತ್ತಿದಳು. ಅಡುಗೆಮನೆಯ ಪಾತ್ರೆಯಿಂದ ಏಳುತ್ತಿದ್ದ ಬಿಳಿ ಹಬೆ ನಿಂತುಹೋಗಿತ್ತು. ಈಗ ಏಳುತ್ತಿದ್ದದ್ದು ಕಪ್ಪು ಹೊಗೆ! ನೀರು ಬತ್ತಿ ಬಾಟಲಿ ಕರಗುತ್ತಿತ್ತು. ಗುಬ್ಬಿ ಅದನ್ನು ಕಂಡಳು. ಕಂಡವಳು ತನ್ನ ಪುಟ್ಟ ಸ್ಟೂಲನ್ನು ಒಲೆಯ ಕಡೆಗೆ ಗರಗರ ಎಳೆಯತೊಡಗಿದಳು.

ಆಕೆಗೆ ಸೆರೆಮನೆ, ನೀರು, ಸೀಟಿ, ಎಲ್ಲ ಮರೆತುಹೋಯಿತು. ಗಾಜನ್ನು ಅಂಗೈಯಿಂದ ಬಡಿಯುತ್ತಲೇ ಇದ್ದಳು.

ಆಗ ಸೋಫಾದ ಮೇಲಿನ ಫೋನು ಹಾಡಿತು.

ಗುಬ್ಬಿ ಸ್ಟೂಲು ಬಿಟ್ಟು ಓಡಿಬಂದು, ಬೆರಳಿನಿಂದ ಒಂದು ಸವರು ಸವರಿದಳು. ತೆರೆಯ ಮೇಲೆ ಅತ್ತೆಯ ಮುಖ ತಲೆಕೆಳಗಾಗಿ ಬೆಳಗಿತು. ಅಜ್ಜಿಯನ್ನು ಅಮ್ಮನಿಗೆ ತೋರಿಸಲೆಂದು ಮಗು ಫೋನನ್ನು ತಂದು ಗಾಜಿಗೆ ಒತ್ತಿ ಹಿಡಿಯಿತು.

"ಅತ್ತೇ! ಚಿಲಕ ಬಿದ್ದಿದೆ! ಒಲೆ ಉರೀತಿದೆ! ಮಗು ಒಳಗಿದೆ!"

ಅತ್ತೆಯ ಧ್ವನಿಗೆ ಗಾಜು ಯಾವ ಲೆಕ್ಕ! "ಗುಬ್ಬೀ, ಅಲ್ಲೇ ಕೂತ್ಕೋ ಚಿನ್ನ, ಅಜ್ಜಿ ಮೂಗು ಎಲ್ಲಿ ತೋರಿಸು ನೋಡೋಣ! ಏ, ನೀವಿಬ್ರೂ ಯಾಕೆ ಕುಣೀತಿದೀರಿ? ಕ್ಲಿಪ್ಪಿನ ಚೀಲದ ತಳ ನೋಡ್ರೋ! ಕೀಲಿ ಹೊಲಿದಿಟ್ಟಿದೀನಲ್ಲ!"

ಆಕೆ ಚೀಲವನ್ನು ಹಲ್ಲಿನಿಂದಲೇ ಹರಿದಳು. ಕ್ಲಿಪ್ಪುಗಳು ಬೀದಿಯವರೆಗೆ ಸಿಡಿದವು. ತಳದ ಮಡಿಕೆಯಲ್ಲಿ ಮುಂಬಾಗಿಲ ಕೀಲಿ! ಗಂಡ ಎಸೆದ, ಟೈಲರ್ ಅರ್ಧ ಹೊಲಿದ ಅಂಗಿಯನ್ನು ಚಾಚಿ ಹಿಡಿದ. ಅವನು ಮೆಟ್ಟಿಲು ಹತ್ತಿ ಬರುವವರೆಗೂ ಅತ್ತೆ ಮೂಗು, ಕಿವಿ, ಕಣ್ಣು, ಮತ್ತೆ ಮೂಗು ಎನ್ನುತ್ತಾ ಮಗುವನ್ನು ಗಾಜಿನ ಬಳಿಯಿಂದ ಕದಲಗೊಡಲಿಲ್ಲ. ಟೈಲರ್ ಒಲೆ ಆರಿಸಿ, ಚಿಲಕ ಎತ್ತಿ, "ಬೀದಿ ಕ್ಲಿಪ್ಪೆಲ್ಲ ಆರಿಸಿ ತರ್ತೀನಿ ಮೇಡಂ" ಎಂದು ಇಳಿದುಹೋದ.

ಗುಬ್ಬಿಯ ಅಮ್ಮ ಮಗುವನ್ನು ಅಪ್ಪಿಕೊಂಡು ನೆಲದ ಮೇಲೇ ಕೂತಳು. ಮಗು ಉಸಿರುಕಟ್ಟಿ "ಬಿಡು" ಎಂದ ಮೇಲೆಯೇ ಕೈ ಸಡಿಲಿಸಿದ್ದು. ಪಾತ್ರೆಯ ತಳದಲ್ಲಿ ಬಾಟಲಿಗಳು ಒಂದೇ ಮುದ್ದೆಯಾಗಿದ್ದವು. ಗಂಡ ಫೋನನ್ನು ನೆಟ್ಟಗೆ ತಿರುಗಿಸಿ ಹಿಡಿದ.

"ಅಲ್ಲಮ್ಮಾ, ಮಗೂನ ಒಳಗೆ ಬಿಟ್ಟು ಇಬ್ರೂ ಹೊರಗೇನು ಮಾಡ್ತಿದ್ರಿ?" ಎಂದರು ಅತ್ತೆ.

"ಅದೇ ಅತ್ತೆ... ಆ ಆಟ... ಅದರ ಕೊನೇಲಿ ಒಂದು ಸೀಟಿ ಬರುತ್ತೆ... ಅದು ಎಲ್ಲಿಂದ ಬಂತು ಅಂತ..."

"ಯಾವುದು, ಆ ದೀಪದ ಹುಡುಗಿ ಕೊರಳಲ್ಲಿ ಇದ್ದಿದ್ದಾ? ಅಯ್ಯೋ, ಶುರುನಲ್ಲೇ ಒಬ್ಬಳು ಮುದುಕಿ ಕಟ್ಟಿದ್ಲಲ್ಲೇ! ನಾನು ಗುಬ್ಬೀನ ನೋಡ್ಕೊಳ್ಳೋಕೆ ಬಂದಿದ್ನಲ್ಲ, ಆಗ. ಮಗು ನನ್ನ ತೊಡೆ ಮೇಲಿತ್ತು. 'ಬಾಗಿಲು ಮುಚ್ಚಿಹೋದ ದಿನ' ಅಂತ ಪಾಪ ಅವಳು ಏನೋ ಹೇಳೋಕೆ ಬಂದ್ಲು, ಅಷ್ಟರಲ್ಲಿ ನೀನು ಗುಂಡಿ ಒತ್ತಿಬಿಟ್ಟೆ."

ಗುಬ್ಬಿಯ ಅಪ್ಪ ಬಹಳ ಆಸಕ್ತಿಯಿಂದ ಫ್ಯಾನು ನೋಡತೊಡಗಿದ.

"ಅದನ್ನ ನೋಡಿಯೇ ನಂಗೂ ಹೊಳೆದಿದ್ದು ಕಣಮ್ಮಾ" ಎಂದರು ಅತ್ತೆ. "ಮಾರನೇ ದಿನಾನೇ ಆ ಚೀಲ ಹೊಲಿದು, ತಳದಲ್ಲಿ ಕೀಲಿ ಇಟ್ಟೆ. ನಿಂಗೂ ಕೂತ್ಕೊಂಡು ಬಿಡಿಸಿ ಬಿಡಿಸಿ ಹೇಳಿದ್ನಲ್ಲ!"

ಸೊಸೆ ಫೋನಿನ ಹತ್ತಿರ ಸರಿದಳು. "ಆಗ... ನಾನೇನಂದೆ ಅತ್ತೆ?"

"'ಹೂಂ ಅತ್ತೆ' ಅಂದೆ."