ನಾನು ನಾನೇ ಎಂದು ಸಾಬೀತಾದ ಮಧ್ಯಾಹ್ನ

ನಾನು ಹುಟ್ಟಿದ ದಿನ ನನ್ನ ಗಂಡನಿಗೆ ನೆನಪಿರುವುದಿಲ್ಲ. ಆದರೆ ಈಗ ಅದು ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ಕುಳಿತ ಕಳ್ಳನಿಗೆ ಬಾಯಿಪಾಠವಾಗಿದೆ. ಹುಟ್ಟಿದ ದಿನ ಮಾತ್ರವಲ್ಲ, ಸರ್ಕಾರ ನನಗೆ ಕೊಟ್ಟ ಸೋಷಿಯಲ್ ಸೆಕ್ಯುರಿಟಿ ನಂಬರು, ಹಿಂದೆ ಬಾಡಿಗೆಗಿದ್ದ ಮನೆಗಳ ವಿಳಾಸ, ಕಾಲೇಜಿನ ಸಾಲ, ಒಮ್ಮೆ ತಡವಾಗಿ ಕಟ್ಟಿದ ಸೋಫಾದ ಕಂತು (ಮರೆತವನು ಲೈಲ್, ದಾಖಲೆಯಲ್ಲಿ ಕಪ್ಪುಚುಕ್ಕೆ ಬಿದ್ದದ್ದು ನನ್ನ ಹೆಸರಿಗೆ) ಎಲ್ಲವೂ ಅವನ ಕೈಸೇರಿವೆ. ನನ್ನ ವಿಷಯದಲ್ಲಿ ಇಷ್ಟೊಂದು ಆಸಕ್ತಿ ತೋರಿಸಿದ ಗಂಡಸು ಈವರೆಗೆ ಇನ್ನೊಬ್ಬನಿಲ್ಲ.

ಇದೆಲ್ಲ ಹೋದದ್ದು ದೇಶದ ಜನರ ಸಾಲದ ಜಾತಕ ಬರೆದಿಟ್ಟುಕೊಳ್ಳುವ ಆ ದೊಡ್ಡ ಕಂಪನಿಯಿಂದ. ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೇ ಪ್ರಚಾರ. ನನ್ನ ಜಾತಕ ಬರೆಯಿರಿ ಎಂದು ನಾನು ಅವರನ್ನು ಕೇಳಿಕೊಂಡಿರಲಿಲ್ಲ. ಬರೆಯುತ್ತಿದ್ದೇವೆ ಎಂದು ಅವರೂ ನನಗೆ ತಿಳಿಸಿರಲಿಲ್ಲ. ನಾವು ಆ ಕಂಪನಿಯ ಗಿರಾಕಿಗಳಲ್ಲ, ಸರಕು. ತರಕಾರಿ ಅಂಗಡಿಗೆ ಕಳ್ಳ ನುಗ್ಗಿದರೆ ಬದನೆಕಾಯಿಯ ಕ್ಷಮೆ ಯಾರು ಕೇಳುತ್ತಾರೆ?

ಸುದ್ದಿ ಬಂದ ಬೆಳಗ್ಗೆ ನಾವೆಲ್ಲ ನಮ್ಮತ್ತೆ ಲೊರೆಟ್ಟಾಳ ಅಡುಗೆಮನೆಯಲ್ಲಿದ್ದೆವು. ನಾವೆಂದರೆ ನಾನು, ಲೈಲ್, ನಮ್ಮ ಎರಡು ವರ್ಷದ ವಿನಿ. ಟೊಲಿಡೊದಲ್ಲಿ ಲೊರೆಟ್ಟಾಳ ಮನೆ ಮೇಲೆ, ನಮ್ಮ ಸಂಸಾರ ಕೆಳಗೆ, ಅವಳ ನೆಲಮಾಳಿಗೆಯಲ್ಲಿ. 'ಒಂದೆರಡು ತಿಂಗಳ ಮಟ್ಟಿಗೆ' ಎಂದು ಬಂದವರು ನಾವು. ಆಗ ವಿನಿ ಹುಟ್ಟಿರಲಿಲ್ಲ.

ಟಿವಿಯಲ್ಲಿ ಕಂಪನಿಯ ಯಜಮಾನರು ನುಣ್ಣಗೆ ವಿಷಾದಿಸುತ್ತಿದ್ದರು.

"ನನ್ನ ನಂಬರು ಹೊತ್ಕೊಂಡು ಹೋಗೋನು ನನ್ನ ಮಂಡಿನೋವನ್ನೂ ಜೊತೆಗೇ ಹೊತ್ಕೊಂಡು ಹೋಗ್ಲಿ," ಎಂದಳು ಲೊರೆಟ್ಟಾ.

"ಕೋಟಿಗಟ್ಟಲೆ ಜನರದ್ದು ಹೋಗಿದೆ ಕಣೇ ಟ್ರೂಡಿ," ಎಂದ ಲೈಲ್, ಬಾಯ್ತುಂಬ ಸೀರಿಯಲ್ ಇಟ್ಟುಕೊಂಡು. "ಕಳ್ಳ ಒಂದು ಕಡೆಯಿಂದ ಶುರು ಮಾಡಿದ್ರೂ ನಮ್ಮ ಸರದಿ ಬರೋ ಹೊತ್ತಿಗೆ ಅವನು ರಿಟೈರ್ ಆಗಿರ್ತಾನೆ."

ಲೈಲ್ ಕಾರಿನ ಗಾಜು ಕೂರಿಸುವ ಕೆಲಸದವನು. ಜಗತ್ತಿನಲ್ಲಿ ಒಡೆದದ್ದನ್ನೆಲ್ಲ ಬೇರೆ ಯಾರೋ ಬಂದು ಸರಿಮಾಡುತ್ತಾರೆ ಎಂದು ನಂಬಿರುವ ಅವನು ಆ ಕೆಲಸಕ್ಕೆ ಹೇಗೆ ಸೇರಿದನೋ ನನಗೆ ಇಂದಿಗೂ ಅರ್ಥವಾಗಿಲ್ಲ.

ವಿನಿಯನ್ನು ಡೇಕೇರಿಗೆ ಬಿಡುವಾಗ ಅಲ್ಲಿಯೂ ಇದೇ ಮಾತು. ಒಬ್ಬಳು ಮೊಕದ್ದಮೆ ಹೂಡುತ್ತೇನೆ ಎಂದಳು. ಇನ್ನೊಬ್ಬಳು, ಹೂಡಿದರೆ ವಕೀಲನಿಗೆ ವಿಹಾರನೌಕೆ, ನಿನಗೆ ಕಾಫಿಯ ಕೂಪನ್ನು ಎಂದಳು. ಮೂರನೆಯವಳ ಹೆಸರಿನಲ್ಲಿ ಆಗಲೇ ಯಾರೋ ಫ್ಲಾರಿಡಾದಲ್ಲಿ ದೋಣಿ ಕೊಂಡಿದ್ದರಂತೆ. "ನಂಗೆ ಈಜೋಕೇ ಬರಲ್ಲ ಕಣ್ರೇ," ಎಂದು ಅವಳು ಅಳುತ್ತಿದ್ದಳು. ನಾವೆಲ್ಲ ಅವಳ ಬೆನ್ನು ಸವರಿ, ಸದ್ಯ ನಮ್ಮದಲ್ಲವಲ್ಲ ಎಂದುಕೊಂಡು ನಮ್ಮ ನಮ್ಮ ಕಾರು ಹತ್ತಿದೆವು.

ಕಂಪನಿಯವರು ಮಾಡಿದ ಮೊದಲ ಉಪಕಾರವೆಂದರೆ ಒಂದು ಜಾಲತಾಣ ತೆರೆದದ್ದು. ನಮ್ಮ ವಿವರ ಕಳುವಾಗಿದೆಯೇ ಎಂದು ತಿಳಿಯಲು ನಮ್ಮ ವಿವರವನ್ನು ಅಲ್ಲಿ ತುಂಬಬೇಕು. ತುಂಬಿದೆ. 'ಆಗಿರಬಹುದು' ಎಂದು ಉತ್ತರ ಬಂತು. (ನಾನು ಬಸುರಿಯೇ ಎಂದು ಕೇಳಿದಾಗ ಡಾಕ್ಟರು ಹೀಗೆ ಉತ್ತರಿಸಿದ್ದರೆ ಅವರ ಬೋರ್ಡು ಕಿತ್ತುಕೊಂಡು ಬರುತ್ತಿದ್ದೆ.) ಎರಡನೆಯ ಉಪಕಾರ, ಒಂದು ವರ್ಷದ ಉಚಿತ ಕಾವಲು. ಕಾವಲುಗಾರರು ಯಾರು? ಅವರೇ!

ಇಂಥವರನ್ನು ನಂಬಿ ಕೂರುವ ಹೆಂಗಸು ನಾನಲ್ಲ. ನನ್ನ ಜಾತಕಕ್ಕೆ ನಾನೇ ಬೀಗ ಜಡಿದೆ. ಇಲ್ಲಿ ಅದನ್ನು ಫ್ರೀಜ್ ಮಾಡುವುದು ಎನ್ನುತ್ತಾರೆ. ಒಮ್ಮೆ ಹೆಪ್ಪುಗಟ್ಟಿಸಿದರೆ ನಮ್ಮ ಹೆಸರಿನಲ್ಲಿ ಯಾರಿಗೂ ಸಾಲ ಹುಟ್ಟುವುದಿಲ್ಲ. ಬ್ಯಾಂಕಿನವರಾಗಲಿ ಮನೆಮಾಲೀಕರಾಗಲಿ ಯಾರೂ ನಮ್ಮ ದಾಖಲೆ ಇಣುಕಿ ನೋಡುವಂತಿಲ್ಲ. ಬೀಗ ತೆಗೆಸಬೇಕಾದರೆ ಮೂರು ಗುಟ್ಟಿನ ಪ್ರಶ್ನೆಗಳಿಗೆ ನಾವು ಮೊದಲೇ ಬರೆದುಕೊಟ್ಟ ಉತ್ತರವನ್ನೇ ಹೇಳಬೇಕು.

ಇಲ್ಲಿಯೇ ನನ್ನ ಬುದ್ಧಿ ಮಿಂಚಿದ್ದು. ಗುಟ್ಟಿನ ಪ್ರಶ್ನೆಗಳಿಗೆ ನಿಜ ಹೇಳುವವರು ಶತಮೂರ್ಖರು, ನಿಮ್ಮ ನಿಜವೆಲ್ಲ ನಿಮ್ಮ ಫೇಸ್‌ಬುಕ್ಕಿನಲ್ಲೇ ಬಿದ್ದಿರುತ್ತದೆ ಎಂದು ರೇಡಿಯೊದಲ್ಲಿ ಒಬ್ಬ ತಜ್ಞ ಹೇಳುತ್ತಿದ್ದ. ಸರಿ, ಸುಳ್ಳು ಹೇಳಬೇಕು. ಆದರೆ ಸುಳ್ಳು ನೆನಪಿನಲ್ಲಿ ಉಳಿಯುವುದು ಕಷ್ಟ. ಅದಕ್ಕೊಂದು ಉಪಾಯ ಹೂಡಿದೆ: ನಿಜಕ್ಕೆ ನೇರ ತಿರುಗುಮುರುಗಾದದ್ದನ್ನು ಬರೆಯುವುದು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೊಬ್ಬಳಿಗೇ ಗೊತ್ತಿರುವುದರಿಂದ ಅದರ ಉಲ್ಟಾ ಏನು ಎನ್ನುವುದೂ ನನಗೊಬ್ಬಳಿಗೇ ಗೊತ್ತು. ಕಳ್ಳನ ಅಜ್ಜನಿಗೂ ಊಹಿಸಲಾಗದು!

"ನೀವೂ ಫ್ರೀಜ್ ಮಾಡಿ ಅಂದ್ರೆ," ಎಂದೆ ಲೈಲ್‌ಗೆ.

"ಶನಿವಾರ ಮಾಡ್ತೀನಿ."

"ಯಾವ ಶನಿವಾರ?"

"ಬರುತ್ತಲ್ಲೇ, ವಾರಕ್ಕೊಂದು."

ಹೀಗೆ ನನ್ನ ಬಾಗಿಲಿಗೆ ಬೀಗ ಬಿತ್ತು, ಗಂಡನದು ಹಾರುಹೊಡೆದುಕೊಂಡೇ ಇತ್ತು. ಆ ಚಳಿಗಾಲವಿಡೀ ನನ್ನಂಥ ಜಾಣೆ ಒಹಾಯೊ ರಾಜ್ಯದಲ್ಲೇ ಇಲ್ಲ ಎಂದುಕೊಂಡು ಓಡಾಡಿದೆ.

ವಸಂತ ಬರುವಷ್ಟರಲ್ಲಿ ವಿನಿಗೆ ಕೆಮ್ಮು ಅಂಟಿತು. ನೆಲಮಾಳಿಗೆಯ ಗೋಡೆ ಮುಟ್ಟಿದರೆ ಅಂಗೈ ತೇವವಾಗುತ್ತದೆ. ನಮ್ಮ ಹಾಸಿಗೆಯ ಒಂದು ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ, ಇನ್ನೊಂದು ಪಕ್ಕದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು, ನೆತ್ತಿಯ ಮೇಲೆ ಲೊರೆಟ್ಟಾಳ ಚಪ್ಪಲಿ. "ಮಗುವಿಗೆ ಒಣಗಾಳಿ, ಬಿಸಿಲು ಬೇಕು. ಮನೆ ಬದಲಾಯಿಸೋಕಾದ್ರೆ ನೋಡಿ," ಎಂದರು ಡಾಕ್ಟರು. ಮಗು ಕೆಮ್ಮಿದಾಗೆಲ್ಲ ಅದರ ಪುಟ್ಟ ಬೆನ್ನು ನನ್ನ ಅಂಗೈಯಡಿ ಗುಬ್ಬಿಯ ಹಾಗೆ ಅದುರುತ್ತಿತ್ತು. ನಾನು ಮನೆ ಹುಡುಕಲು ಹೊರಟೆ.

ಮನೆ ಸಿಕ್ಕಿತು! ಚೆಂಡು ಉರುಳಿಸಿ ಗೂಟ ಬೀಳಿಸುವ ಲೊರೆಟ್ಟಾಳ ಬೌಲಿಂಗ್ ತಂಡದ ಮುದುಕ ಆಸ್ಟ್ರಾಂಡರ್‌ನದು. ಎರಡು ಕೋಣೆ, ಹಿತ್ತಲಿನಲ್ಲಿ ಮೇಪಲ್ ಮರ, ಮಗುವಿನ ಕೋಣೆಗೆ ಪೂರ್ವದ ಕಿಟಕಿ. ಆ ಕಿಟಕಿ ಸಂಪೂರ್ಣವಾಗಿ ನೆಲದಿಂದ ಮೇಲಿತ್ತು. ಅದರ ಮುಂದೆ ನಿಂತು ನಾನು ಸ್ವಲ್ಪ ಅತ್ತುಬಿಟ್ಟೆ.

ಆಸ್ಟ್ರಾಂಡರ್ ಬಾಡಿಗೆದಾರರ ಸಾಲದ ದಾಖಲೆ ನೋಡದೆ ಬೀಗದಕೈ ಕೊಡುವವನಲ್ಲ. ಶುಕ್ರವಾರ ಮಧ್ಯಾಹ್ನ ಅವನ ಫೋನ್ ಬಂತು.

"ನಿನ್ನ ಗಂಡಂದು ಬಂತಮ್ಮ, ಪರವಾಗಿಲ್ಲ. ನಿಂದು ಮಾತ್ರ ಖಾಲಿ ಬರ್ತಿದೆ. ಏನಾದ್ರೂ ಮುಚ್ಚಿಡ್ತಿದೀಯಾ?"

"ಫ್ರೀಜ್ ಮಾಡಿದೀನಿ ಮಿಸ್ಟರ್ ಆಸ್ಟ್ರಾಂಡರ್. ಈಗ್ಲೇ ತೆಗೆಸ್ತೀನಿ."

"ಐದು ಗಂಟೆ ಒಳಗೆ ತೆಗೆಸು. ಇನ್ನೊಂದು ಜೋಡಿ ಬಂದು ನನ್ನ ಅಂಗಳದಲ್ಲೇ ನಿಂತಿದೆ."

ಲೈಲ್ ನನ್ನನ್ನು ನೋಡಿ ಹುಬ್ಬು ಹಾರಿಸಿದ. ಜೀವಮಾನದಲ್ಲಿ ಒಂದು ಕೆಲಸವನ್ನೂ ಸಮಯಕ್ಕೆ ಮಾಡದ ಮನುಷ್ಯನ ದಾಖಲೆ ಥಳಥಳ ಹೊಳೆಯುತ್ತಿತ್ತು. ಜಾಣೆಯದು ಹೆಪ್ಪುಗಟ್ಟಿ ಕುಳಿತಿತ್ತು.

ಕಂಪನಿಯ ಜಾಲತಾಣ ತೆರೆದರೆ 'ಜನಸಂದಣಿ, ದಯವಿಟ್ಟು ಆಮೇಲೆ ಬನ್ನಿ' ಎಂದಿತು. ಫೋನೇ ಗತಿ. ನೆಲಮಾಳಿಗೆಯಲ್ಲಿ ಸಿಗ್ನಲ್ ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ. ಮೇಲೆ ಲೊರೆಟ್ಟಾಳ ಅಡುಗೆಮನೆಗೆ ಓಡಿದೆವು. ಅವಳು ಮೇಜಿನ ಮುಂದೆ ಕುಳಿತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಾವು ಹೊರಡುವ ಸುದ್ದಿ ಕೇಳಿದಂದಿನಿಂದ ಅವಳು ಸಿಪ್ಪೆಯನ್ನು ತುಂಬ ದಪ್ಪಗೆ ತೆಗೆಯುತ್ತಿದ್ದಳು.

ವಿನಿ ನನ್ನ ಸೊಂಟದ ಮೇಲೆ, ಅವಳ ಕೈತುಂಬ ಅರೆದ ಸೇಬಿನ ಅಂಟು. ಆದ್ದರಿಂದ ಫೋನು ಮೇಜಿನ ಮೇಲೆ, ಸ್ಪೀಕರಿನಲ್ಲಿ. ಅರ್ಧ ಗಂಟೆ ಪಿಟೀಲು ಕೇಳಿಸಿದ ಮೇಲೆ ಪ್ರಿಸಿಲ್ಲಾ ಎಂಬ ಜೇನುದನಿಯವಳು ಬಂದಳು.

"ಈ ಕರೆಯನ್ನ ರೆಕಾರ್ಡ್ ಮಾಡ್ಕೊಳ್ತಿದೀವಿ ಮೇಡಂ. ಸುಳ್ಳು ಮಾಹಿತಿ ಕೊಡೋದು ಅಪರಾಧ. ಮೊದಲ್ನೇ ಪ್ರಶ್ನೆ, ನಿಮಗೆ ಜಗತ್ತಿನಲ್ಲಿ ತುಂಬಾ ಇಷ್ಟವಾದ ಊಟ ಯಾವುದು?"

"ಮ್ಯಾಕರೋನಿ ಚೀಸ್," ಎಂದೆ ಗಡಿಬಿಡಿಯಲ್ಲಿ. ಅದು ನಿಜ.

"ಕ್ಷಮಿಸಿ, ದಾಖಲೆಗೆ ಹೊಂದ್ತಿಲ್ಲ. ಇನ್ನೊಂದು ತಪ್ಪಾದ್ರೆ ಅರ್ಜಿಯನ್ನ ಅಂಚೆಯಲ್ಲಿ ಕಳಿಸ್ಬೇಕಾಗುತ್ತೆ. ಕೆಲವು ವಾರ ಹಿಡಿಯುತ್ತೆ."

"ಇದೇನೇ ಇದು?" ಎಂದಳು ಲೊರೆಟ್ಟಾ. "ನಿಂಗೇನು ಇಷ್ಟ ಅಂತ ಕಂಪನಿಗೆ ಗೊತ್ತು, ನಿಂಗೇ ಗೊತ್ತಿಲ್ವಾ?"

ಆಗ ನನ್ನ ಉಪಾಯ ನನಗೆ ನೆನಪಾಯಿತು. ಉತ್ತರವೂ ನೆನಪಾಯಿತು. ಅದನ್ನು ಯಾರೆದುರು ಹೇಳಬೇಕಾಗಿದೆ ಎನ್ನುವುದೂ ಹೊಳೆದು, ಕಿವಿಯ ತುದಿ ಬಿಸಿಯಾಯಿತು. ಫೋನು ಎತ್ತಿಕೊಂಡು ಹೊರಗೆ ಓಡೋಣವೆಂದರೆ ಕೈಯಲ್ಲಿ ಮಗು. ಲೈಲ್‌ಗೆ ಕಣ್ಸನ್ನೆ ಮಾಡಿದೆ. ಅವನು ಟೊಪ್ಪಿಗೆ ಸರಿಮಾಡಿಕೊಂಡ.

"ಮೇಡಂ, ಇದೀರಾ?"

"ನಮ್ಮತ್ತೆ ಮಾಡೋ... ಈರುಳ್ಳಿ ಹಾಕಿ ಹುರಿದ ಲಿವರ್," ಎಂದೆ.

"ಸರಿಯಾದ ಉತ್ತರ!"

ಸಿಪ್ಪೆ ತೆಗೆಯುವ ಸದ್ದು ನಿಂತಿತು. ಆ ಲಿವರನ್ನು ನಾನು ಪ್ರತಿ ಮಂಗಳವಾರ ಕರವಸ್ತ್ರದಲ್ಲಿ ಸುತ್ತಿ ಪಕ್ಕದ ಮನೆಯ ನಾಯಿಗೆ ಹಾಕುತ್ತಿದ್ದೆ. ಈಚೆಗೆ ಆ ನಾಯಿಯೂ ಬೇಲಿಯ ಬಳಿ ಬರುವುದನ್ನು ಬಿಟ್ಟಿತ್ತು.

"ಎರಡನೇ ಪ್ರಶ್ನೆ. ನಿಮ್ಮ ಮನಸ್ಸಿಗೆ ನೆಮ್ಮದಿ ಕೊಡೋ ಜಾಗ?"

ಕಣ್ಣು ಮುಚ್ಚಿದೆ. ಮೇಪಲ್ ಮರ ಕಂಡಿತು, ಪೂರ್ವದ ಕಿಟಕಿ ಕಂಡಿತು. ವಿನಿ ನನ್ನ ಕೊರಳಿಗೆ ಮುಖವಿಟ್ಟು ಕೆಮ್ಮಿದಳು.

"ನಮ್ಮತ್ತೆ ಮನೆ ಬೇಸ್‌ಮೆಂಟು."

"ಸರಿಯಾದ ಉತ್ತರ!"

ಲೈಲ್ ಫ್ರಿಜ್ಜಿನ ಬಾಗಿಲು ತೆರೆದು ತಲೆ ಒಳಗಿಟ್ಟ. ಅವನ ಬೆನ್ನು ಕುಲುಕುತ್ತಿತ್ತು.

"ಕೊನೇ ಪ್ರಶ್ನೆ. ನೀವು ಯಾರ ಥರ ಆಗ್ಬೇಕು ಅಂತ ಆಸೆ?"

ಇಷ್ಟು ದೂರ ಬಂದಾಗಿತ್ತು. "ನಮ್ಮತ್ತೆ ಲೊರೆಟ್ಟಾ ಥರ," ಎಂದೆ. ನನ್ನ ದನಿ ನಡುಗಿತು. ಕೇಳಿದವರಿಗೆ ಅದು ಭಕ್ತಿಯ ಹಾಗೆ ಕೇಳಿಸಿರಬೇಕು.

"ಧನ್ಯವಾದ ಮೇಡಂ! ನೀವು ನೀವೇ ಅಂತ ಖಚಿತ ಆಯ್ತು. ಇನ್ನು ಐದು ನಿಮಿಷದಲ್ಲಿ ನಿಮ್ಮ ದಾಖಲೆ ತೆರ್ಕೊಳುತ್ತೆ."

ಗಡಿಯಾರದಲ್ಲಿ ಇನ್ನೂ ಐದಾಗಿರಲಿಲ್ಲ. ನಾನು ವಿನಿಯನ್ನು ಎತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದೆ. ತಿರುಗಿ ನಿಂತಾಗ ಲೊರೆಟ್ಟಾ ಎದ್ದು ನಿಂತಿದ್ದಳು. ಕಣ್ಣಿನಿಂದ ಧಾರೆಯಾಗಿ ನೀರು. ನಾನು ಮದುವೆಯಾಗಿ ಬಂದ ಮೇಲೆ ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

"ಮಂಗಳವಾರ ಮಂಗಳವಾರ ತಟ್ಟೆ ಅಷ್ಟು ಬೇಗ ಖಾಲಿ ಮಾಡ್ತಿದ್ಯಲ್ಲ ಹುಡುಗೀ," ಎಂದಳು. "ನನಗೆ ಹೊಳೀಲೇ ಇಲ್ವಲ್ಲ! ಯಾಕೆ ಒಂದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ಲ?"

"ಅದು... ಲೊರೆಟ್ಟಾ, ಅದು ಒಂಥರಾ..."

ಏನು ಹೇಳಲಿ? ಅದೆಲ್ಲ ಸುಳ್ಳು ಎನ್ನೋಣವೆಂದರೆ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಫೋನು ಇನ್ನೂ ಮೇಜಿನ ಮೇಲಿತ್ತು, ಪ್ರಿಸಿಲ್ಲಾ ತಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಿದ್ದಳು. ಮೇಲಾಗಿ ಲೊರೆಟ್ಟಾಳ ಆ ಮುಖ. ಗಂಡ ಸತ್ತ ಮೇಲೆ ಈ ಮನೆಯಲ್ಲಿ ಅವಳಿಗೆ ಒಳ್ಳೆಯ ಮಾತು ಹೇಳಿದವರು ಯಾರಿದ್ದರು? ಮಗ ಹೇಳುವವನಲ್ಲ, ಸೊಸೆ ಹೇಳಿರಲಿಲ್ಲ. ಈಗ ಹೇಳಿದ್ದು ಒಂದು ಸಾಲದ ಕಂಪನಿ. ಸುಮ್ಮನೆ ತಲೆ ತಗ್ಗಿಸಿದೆ. ಅವಳು ನನ್ನ ಕೆನ್ನೆ ತಟ್ಟಿ, ಏಪ್ರನ್ನಿನಲ್ಲಿ ಮೂಗು ಒರೆಸುತ್ತ ಒಳಗೆ ಹೋದಳು.

"ಅಮ್ಮನ ಥರ ಆಗ್ಬೇಕಾ?" ಎಂದ ಲೈಲ್, ಫ್ರಿಜ್ಜಿನಿಂದ ತಲೆ ಹೊರಗೆ ತೆಗೆದು. "ಮೊದಲೇ ಹೇಳೋದಲ್ವಾ ಮಾರಾಯ್ತಿ, ನಾನು ಬೇರೆ ಊರಲ್ಲಿ ಹೆಣ್ಣು ನೋಡ್ತಿದ್ದೆ."

ಅವನಿಗೆ ಆಲೂಗಡ್ಡೆ ಎಸೆದು, ಐದು ನಿಮಿಷ ಕಾದು, ಆಸ್ಟ್ರಾಂಡರ್‌ಗೆ ಫೋನ್ ಹಚ್ಚಿದೆ.

"ಈಗ ನೋಡಿ ಮಿಸ್ಟರ್ ಆಸ್ಟ್ರಾಂಡರ್! ತೆರೆದಿದೆ!"

"ಏನು ನೋಡೋದಮ್ಮ?" ಎಂದ ಮುದುಕ. "ಈಗ ತಾನೇ ಲೊರೆಟ್ಟಾ ಫೋನ್ ಮಾಡಿದ್ಲಲ್ಲ. ಪಾಪ, ಅಳ್ತಾ ಇದ್ಲು. ಸೊಸೆಗೆ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ, ಮಗನ ಬಲವಂತಕ್ಕೆ ಹೊರಟಿದಾಳೆ, ಕಂಪನಿಯವರ ಮುಂದೆ ಎಲ್ಲಾ ಬಾಯಿಬಿಟ್ಟು ಹೇಳಿದ್ಲು ಅಂದ್ಲು. ಕರೆಕ್ಟಾಗಿ ನಿರ್ಧಾರ ಮಾಡಿದೆ ಬಿಡು. ಈಗಿನ ಕಾಲದಲ್ಲಿ ಇಂಥ ಸೊಸೆ ಎಲ್ಲಿ ಸಿಗ್ತಾಳೆ? ಬೀಗದಕೈ ಆ ಜೋಡಿಗೆ ಕೊಟ್ಬಿಟ್ಟೆ."

ಫೋನು ಕೆಳಗಿಟ್ಟೆ. ಮೇಪಲ್ ಮರದಡಿ ಈ ಹೊತ್ತಿಗೆ ಯಾರದೋ ಮಗು ಆಡುತ್ತಿರಬೇಕು. ಅದರ ತಾಯಿ ಗುಟ್ಟಿನ ಪ್ರಶ್ನೆಗಳಿಗೆ ನಿಜ ಹೇಳಿದವಳಿರಬೇಕು. ಕಳ್ಳನಂತೂ ಇದುವರೆಗೆ ನನ್ನಿಂದ ಒಂದು ಡಾಲರನ್ನೂ ಕದ್ದಿಲ್ಲ, ಪುಣ್ಯಾತ್ಮ. ಅವನಿಂದ ಉಳಿಸಿಕೊಳ್ಳಲು ಹೋಗಿ ಪೂರ್ವದ ಕಿಟಕಿಯನ್ನು ನಾನೇ ಕಳೆದುಕೊಂಡೆ. ಲೊರೆಟ್ಟಾಳಿಗೆ ಕೇಳಿಸೀತೆಂದು ಅಳಲೂ ಆಗಲಿಲ್ಲ.

ನೆಲಮಾಳಿಗೆಯಿಂದ ಧಡಬಡ ಸದ್ದು ಬರುತ್ತಿತ್ತು. ಇಳಿದು ಹೋಗಿ ನೋಡಿದರೆ ಲೊರೆಟ್ಟಾ ನಮ್ಮ ಹಾಸಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ನೋಯುವ ಮಂಡಿಗಳನ್ನು ಸಿಮೆಂಟಿಗೆ ಊರಿ ಕುಳಿತಿದ್ದಳು. ಕೈಯಲ್ಲಿ ಅಳತೆಪಟ್ಟಿ.

"ಮಗೂಗೆ ಕೆಮ್ಮಲ್ವಾ, ತೇವ ಹೀರ್ಕೊಳ್ಳೋ ಮಷೀನು ಆರ್ಡರ್ ಮಾಡಿದೀನಿ," ಎಂದಳು. ಅವಳ ಮುಖಕ್ಕೆ ಹತ್ತು ವರ್ಷ ಕಡಿಮೆಯಾಗಿತ್ತು. "ಸೋಮವಾರ ಕಾರ್ಪೆಟ್‌ನವನು ಬರ್ತಾನೆ. ಗೋಡೆಯಿಂದ ಗೋಡೆಗೆ ಹಾಕಿಸ್ತೀನಿ, ಇಪ್ಪತ್ತು ವರ್ಷ ಬಾಳಿಕೆ ಬರೋದು. ನಿಂತ್ಕೊಂಡೇನು ನೋಡ್ತೀಯ ಹುಡುಗೀ, ಈ ತುದಿ ಹಿಡ್ಕೋ."

ನಾನು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಆ ತುದಿ ಹಿಡಿದುಕೊಂಡೆ.